ಮೂವತ್ತೊಂದು ವರ್ಷ ಬದಲಾಗದ ಬ್ರಷ್ಷು

ಮಾರ್ಚ್ 3, ಸೋಮವಾರ

ದೊಡ್ಡ ಕಂಪನಿಯಿಂದ ಕಾಗದ ಬಂದಿದೆ. ಆಸ್ಪತ್ರೆಗಳಿಗೆ ಸಾಮಾನು ಒದಗಿಸುವವರು. ಬಾಟಲಿ ತೊಳೆಯುವ ನಮ್ಮ ಬ್ರಷ್ಷುಗಳನ್ನು ಹದಿನಾಲ್ಕು ವರ್ಷದಿಂದ ಕೊಳ್ಳುತ್ತಿದ್ದಾರೆ. ನಾವು ಮಾಡುವುದರಲ್ಲಿ ಅರ್ಧಕ್ಕರ್ಧ ಅಲ್ಲಿಗೇ ಹೋಗುತ್ತದೆ. ಈ ಸಲ ಒಪ್ಪಂದ ಮುಂದುವರಿಯಬೇಕಾದರೆ ‘ಸಂಸ್ಥೆಯು ಕೈಗೊಂಡ ನಾವೀನ್ಯತೆಯ ವಿವರ’ ಒಪ್ಪಿಸಬೇಕಂತೆ. ಏಪ್ರಿಲ್ ಹದಿನೈದಕ್ಕೆ ಅವರ ಕಡೆಯ ಮೂವರು ಬಂದು, ನೋಡಿ, ಕೇಳಿ, ತೀರ್ಮಾನ ಮಾಡುತ್ತಾರಂತೆ.

ಸೊಸೆ ಕಾಗದವನ್ನು ಎರಡು ಸಲ ಓದಿ ಹೇಳಿದಳು. ನನಗೆ ಮೊದಲ ಸಲಕ್ಕೇ ಅರ್ಥವಾಗಿತ್ತು. ನಾನು ಹೈಸ್ಕೂಲು ಮುಗಿಸಿದವಳು, ಅದೂ ಕನ್ನಡದಲ್ಲಿ ತರಗತಿಗೇ ಮೊದಲಿಗಳಾಗಿ.

“ಹೊಸದಾಗಿ ಏನೇನು ಮಾಡಿದೀವಿ ಅಂತ ಕೇಳ್ತಿದಾರೆ, ಅತ್ತೆ.”

“ಏನೂ ಮಾಡಿಲ್ಲ ಅಂತ ಬರಿ. ಅದೇ ನಮ್ಮ ಹೆಚ್ಚುಗಾರಿಕೆ.”

“ಹಾಗೆ ಬರೆದ್ರೆ ಒಪ್ಪಂದ ಹೋಗತ್ತೆ. ಒಪ್ಪಂದ ಹೋದ್ರೆ ಹಿಂದಿನ ಶೆಡ್ಡು ಮುಚ್ಚಬೇಕಾಗತ್ತೆ. ಅಲ್ಲಿ ಹದಿನೆಂಟು ಜನ ಇದಾರೆ.”

ಎಷ್ಟು ಜನ ಇದ್ದಾರೆಂದು ಇವಳು ನನಗೆ ಹೇಳಿಕೊಡಬೇಕೆ? ಮಗ ಮಾರಾಟಕ್ಕೆಂದು ಊರೂರು ತಿರುಗುತ್ತಾನೆ, ಆಫೀಸು ಇವಳ ಕೈಯಲ್ಲಿದೆ. ಮೂಗಿಗಿಂತ ಮೂಗುತಿ ಭಾರ.

ಇವತ್ತು ಸೋಮವಾರವಾದ್ದರಿಂದ ತಪಾಸಣೆ ಮಾಡಿದೆ. ನನ್ನ ಮೇಜಿನ ಹಿಂದೆ ಗಾಜಿನ ಕಪಾಟಿದೆ. ಯಜಮಾನರು ಮೂವತ್ತೊಂದು ವರ್ಷದ ಹಿಂದೆ ಕೈಯಾರೆ ಮಾಡಿದ ಮೊದಲ ಬ್ರಷ್ಷು ಅದರಲ್ಲಿದೆ. ಅದೇ ನಮ್ಮ ಮಾದರಿ. ಪ್ರತಿ ಸೋಮವಾರ ಹೊಸ ಮಾಲಿನಿಂದ ಒಂದನ್ನು ಎತ್ತಿ ಅದರ ಪಕ್ಕ ಇಟ್ಟು ನೋಡುತ್ತೇನೆ. ಶುರುವಿನ ತಿಂಗಳಲ್ಲೇ ಒಬ್ಬ ಕೆಲಸದವನು ತನ್ನ ಬುದ್ಧಿ ಓಡಿಸಿ ಎಳೆಗಳನ್ನು ತೆಳುವಾಗಿಸಿದ್ದ. ಇಡೀ ಗಾಡಿ ಮಾಲು ತಿರುಗಿ ಬಂದಿತ್ತು, ಬೀದಿಯೆಲ್ಲ ನೋಡುತ್ತಿತ್ತು. ಅಂದಿನಿಂದ ಈ ಪದ್ಧತಿ. ಇವತ್ತೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಮೂವತ್ತೊಂದು ವರ್ಷ! ಇದನ್ನು ಯಾವ ಕಂಪನಿ ಮಾಡಿ ತೋರಿಸುತ್ತದೆ?

ಮಾರ್ಚ್ 10, ಸೋಮವಾರ

ಸೊಸೆ ಒಬ್ಬ ಸಲಹೆಗಾರನನ್ನು ಕರೆಸಿದ್ದಾಳೆ. ಕಂಪನಿಗಳಿಗೆ ನಾವೀನ್ಯತೆ ಹೇಳಿಕೊಡುವುದೇ ಅವನ ಉದ್ಯೋಗ. ನಲವತ್ತರ ಆಸುಪಾಸು, ಕಾಲುಚೀಲವಿಲ್ಲದ ಬೂಟು. ಬಂದವನೇ ಬಿಳಿ ಹಲಗೆಯ ಮೇಲೆ ಒಂದು ಬಾಣ ಬರೆದ. ಅದರ ಮುಂದೆ ಇನ್ನೊಂದು ಬಾಣ. ಆಮೇಲೆ ಎಲ್ಲವನ್ನೂ ಸುತ್ತಿಕೊಂಡು ಹೊರಟಲ್ಲಿಗೇ ಬರುವ ದೊಡ್ಡ ಬಾಣ. ಅವನಿಗೆ ಬಾಣದಪ್ಪ ಎಂದು ಹೆಸರಿಟ್ಟಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಇಡೀ ಕಾರ್ಖಾನೆ ಹಾಗೇ ಕರೆಯುತ್ತಿತ್ತು. ನಾನು ಸೊಸೆಗೆ ಮಾತ್ರ ಹೇಳಿದ್ದೆ.

“ಅಮ್ಮಾ, ನಾವು ಬ್ರಷ್ ಮಾರ್ತಿಲ್ಲ. ಸ್ವಚ್ಛತೆಯ ಅನುಭವ ಮಾರ್ತಿದೀವಿ,” ಎಂದ.

“ಅನುಭವಕ್ಕೆ ಹಿಡಿ ಎಲ್ಲಿರುತ್ತೆ?” ಎಂದೆ.

ಅವನು ಅದನ್ನೂ ಬರೆದುಕೊಂಡ.

ತಪಾಸಣೆ ಸರಿಯಿದೆ.

ಮಾರ್ಚ್ 13, ಗುರುವಾರ

ಹಳೆಯ ಡಬ್ಬಿಗಳ ಕೋಣೆ ಖಾಲಿ ಮಾಡಿಸಿ ಗೋಡೆಗೆ ಕಿತ್ತಳೆ ಬಣ್ಣ ಹೊಡೆಸಿದ್ದಾರೆ. ‘ಐಡಿಯಾ ಕೋಣೆ’ ಅಂತೆ. ಕುರ್ಚಿಗಳಿಲ್ಲ. ಕಾಳು ತುಂಬಿದ ಚೀಲದಂಥ ಮೆತ್ತೆಗಳು. ಅದರಲ್ಲಿ ಕೂತರೆ ಹೊಸ ಆಲೋಚನೆ ಬರುತ್ತದಂತೆ. ಕೂತೆ. ಬಂದದ್ದು ಒಂದೇ ಆಲೋಚನೆ, ಏಳುವುದು ಹೇಗೆ ಎಂದು. ಕೊನೆಗೆ ನಮ್ಮ ಮೇಸ್ತ್ರಿ ಒಂದು ಕೈ, ಸೊಸೆ ಒಂದು ಕೈ ಹಿಡಿದು ಎಬ್ಬಿಸಿದರು. ಮೇಸ್ತ್ರಿ ಯಜಮಾನರ ಕಾಲದವನು, ಮೂವತ್ತೊಂದು ವರ್ಷದಿಂದ ತಂತಿ ತಿರುಚುವ ಯಂತ್ರ ನೋಡಿಕೊಳ್ಳುತ್ತಿದ್ದಾನೆ. ಅವನ ಮುಖದಲ್ಲಿ ನಗುವಿರಲಿಲ್ಲ. ಬೆನ್ನು ಮಾತ್ರ ಅಲುಗುತ್ತಿತ್ತು.

ಕೆಲಸದವರು ಯಾರೂ ಆ ಕೋಣೆಗೆ ಕಾಲಿಡಲಿಲ್ಲ. “ಐಡಿಯಾ ಇದ್ರೆ ಹೇಳಿ, ಭಯ ಬೇಡ,” ಎಂದು ಬಾಣದಪ್ಪ ಶೆಡ್ಡಿನಲ್ಲಿ ಕೂಗಿ ಹೇಳಿದ. ಎಲ್ಲರೂ ನನ್ನ ಕಡೆ ನೋಡಿದರು. ಶಿಸ್ತು ಅಂದರೆ ಅದು.

ಮಾರ್ಚ್ 19, ಬುಧವಾರ

ಬಾಣದಪ್ಪ ಶೆಡ್ಡಿನಲ್ಲಿ ತೂಗುಹಾಕಿಸಿದ್ದ ಐಡಿಯಾ ಪೆಟ್ಟಿಗೆ ತೆರೆದರು. ಒಂದು ಪೆಪ್ಪರಮಿಂಟಿನ ಕಾಗದ, ಒಂದು ಚೀಟಿ. ಚೀಟಿಯಲ್ಲಿ ‘ಹೆಂಗಸರ ಕಕ್ಕಸಿನ ಬಾಗಿಲಿಗೆ ಒಳಚಿಲಕ ಹಾಕಿಸಿ’ ಎಂದಿತ್ತು.

ಇದು ನಾವೀನ್ಯತೆಯ ಲೆಕ್ಕಕ್ಕೆ ಬರುವುದಿಲ್ಲ ಎಂದ ಬಾಣದಪ್ಪ. ಹತ್ತು ದಿನಗಳಲ್ಲಿ ಇಲ್ಲಿ ಬಂದ ಮೊದಲ ಬುದ್ಧಿಯ ಮಾತು ಇದೇ ಎಂದು ನಾನು ಹೇಳಿ, ಸಂಜೆಯೊಳಗೆ ಚಿಲಕ ಹಾಕಿಸಿದೆ. ಬರೆದವಳು ಯಾರೆಂದು ಕೈಬರಹದಲ್ಲೇ ಗೊತ್ತಾಯಿತು. ಅಕ್ಷರಗಳೆಲ್ಲ ಹಿಂದಕ್ಕೆ ವಾಲಿದ್ದವು. ಎಳೆ ಹಾಕುವ ವಿಭಾಗದ ಎಡಚಿ. ಎಡಗೈಯವಳು, ಅದಕ್ಕೇ ಆ ಹೆಸರು. ಇಪ್ಪತ್ತೆರಡು ವರ್ಷದಿಂದ ಇದ್ದಾಳೆ. ನನ್ನೆದುರು ಇಪ್ಪತ್ತೆರಡು ಮಾತೂ ಆಡಿಲ್ಲ. ಚಿಲಕ ಇಲ್ಲವೆಂದು ಬಾಯಿಬಿಟ್ಟು ಹೇಳುವುದಕ್ಕೆ ಏನಾಗಿತ್ತು?

ಬಾಣದಪ್ಪನದು ಇನ್ನೊಂದು ಯೋಚನೆ. ‘ಅಂದು–ಇಂದು’ ಎಂದು ಪಕ್ಕಪಕ್ಕ ಎರಡು ಫೋಟೋ. ಅದಕ್ಕೆ ಹಳೆಯ ಗಿರಾಕಿಗಳಿಗೆಲ್ಲ ಕಾಗದ ಬರೆದಿದ್ದಾನೆ, ಅತ್ಯಂತ ಹಳೆಯ ಬ್ರಷ್ಷು ಇದ್ದರೆ ಕಳಿಸಿ ಎಂದು. ಎರಡು ಫೋಟೋದಲ್ಲೂ ಒಂದೇ ಬ್ರಷ್ಷು ಕಾಣುತ್ತದಪ್ಪ, ಒಂದನ್ನೇ ಎರಡು ಸಲ ತೆಗೆದರೆ ಸಾಲದೇ ಎಂದೆ. ಅವನು ನಕ್ಕ. ನಾನು ನಗಿಸಲು ಹೇಳಿರಲಿಲ್ಲ.

ಮಾರ್ಚ್ 24, ಸೋಮವಾರ

ಎಂಥ ಕಾಲ! ನಮ್ಮ ಬ್ರಷ್ಷಿಗೂ ನಕಲಿ ಬಂದಿದೆ.

ಔಷಧಿ ಅಂಗಡಿ ಇಟ್ಟಿದ್ದ ಮುದುಕಿಯೊಬ್ಬಳು, ನಮ್ಮ ಮೊಟ್ಟಮೊದಲ ಗಿರಾಕಿಗಳಲ್ಲಿ ಒಬ್ಬಳು, ಒಂದು ಬ್ರಷ್ಷು ಕಳಿಸಿದ್ದಾಳೆ. ಮೂವತ್ತೊಂದು ವರ್ಷದ್ದಂತೆ. ತುದಿಯಲ್ಲಿ ತಂತಿ ಕತ್ತರಿಸಿದ ಹಾಗೇ ಚೂಪಾಗಿ ನಿಂತಿದೆ. ಬಾಟಲಿಯ ತಳ ಉಜ್ಜುವ ಕುಚ್ಚಿಲ್ಲ. ಹಿಡಿ ಬರಿಯ ತಂತಿ. ನೇತುಹಾಕಲು ಕೊಂಡಿಯಿಲ್ಲ. ಎಳೆಗಳು ಬೋಳು ಬೀಳುತ್ತಿರುವ ತಲೆಯಂತೆ. ಕಪಾಟಿನ ಮಾದರಿ ತೆಗೆದು ಪಕ್ಕಕ್ಕಿಟ್ಟೆ. ಆನೆಗೂ ಆಡಿಗೂ ಇರುವಷ್ಟು ಅಂತರ. ಆದರೆ ಬುಡದಲ್ಲಿ ನಮ್ಮ ಮುದ್ರೆ! ಕಳ್ಳರಿಗೆ ಎಷ್ಟು ಧೈರ್ಯ ನೋಡಿ.

ಸೊಸೆಯನ್ನು ಕೂರಿಸಿ ಮುದುಕಿಗೆ ಕಾಗದ ಬರೆಸಿದೆ. ‘ತಾವು ಮೋಸ ಹೋಗಿದ್ದೀರಿ. ಇದು ನಮ್ಮ ಕಾರ್ಖಾನೆಯ ಮಾಲಲ್ಲ. ಅಸಲಿ ಬ್ರಷ್ಷು ಒಂದನ್ನು ಜೊತೆಗಿಟ್ಟಿದೆ, ಹೋಲಿಸಿ ನೋಡುವುದು.’ ಸೊಸೆಯ ಪೆನ್ನು ಮೂರು ಕಡೆ ನಿಂತಿತು.

“ಅತ್ತೆ, ನಾಳೆ ಕಳಿಸೋಣ್ವಾ?”

“ಇವತ್ತೇ ಹೋಗಬೇಕು.”

ಹೋಯಿತು.

ಮಾರ್ಚ್ 26, ಬುಧವಾರ

ಬೆಳಿಗ್ಗೆ ಔಷಧಿ ಅಂಗಡಿಯ ಮುದುಕಿ ಫೋನು ಮಾಡಿದಳು. ನನಗಿಂತ ಎಂಟು ವರ್ಷ ದೊಡ್ಡವಳು, ಗಂಟಲು ಮಾತ್ರ ಇಪ್ಪತ್ತರದು.

“ಏನ್ರೀ, ನನ್ನನ್ನ ಮೋಸ ಹೋದವಳು ಅಂತೀರಾ? ನಿಮ್ಮ ಯಜಮಾನ್ರೇ ಕೈಯಾರೆ ತಂದು ಕೊಟ್ಟಿದ್ದು ಕಣ್ರೀ ಅದು! ತುದಿ ಬಾಟ್ಲಿ ಗೀರತ್ತೆ ಅಂತ ನಾನೇ ಬೈದಿದ್ದೆ. ಮುಂದಿನ ತಿಂಗ್ಳೇ ತುದಿ ಒಳಕ್ಕೆ ಮಡಿಸಿ ಹೊಸದು ತಂದುಕೊಟ್ರು. ನಮ್ಮನೇಲಿ ಹೇಳ್ಬೇಡಿ ಅಂದ್ರು.”

“ಏನು ಹೇಳ್ಬೇಡಿ ಅಂದ್ರು?”

“ನಿಮಗೆ ಹೇಳ್ಬೇಡಿ ಅಂತ! ನಾನು ಇಷ್ಟು ವರ್ಷ ಹೇಳ್ಲಿಲ್ಲ ನೋಡಿ. ನೀವಾಗಿ ಹೇಳಿಸಿದ್ರಿ.”

ಫೋನಿಟ್ಟು ಮೇಸ್ತ್ರಿಯನ್ನು ಕರೆಸಿದೆ. ಹಳೆಯ ಬ್ರಷ್ಷನ್ನೂ ಕಪಾಟಿನ ಮಾದರಿಯನ್ನೂ ಮೇಜಿನ ಮೇಲಿಟ್ಟು, ಏನಿದು ಎಂದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಅಮ್ಮಾ, ಸೋಮವಾರ ನೀವು ಹೋಲಿಸಿ ನೋಡ್ತೀರಿ. ಬ್ರಷ್ಷು ಬದಲಾಗಿದ್ರೆ ಬೈತೀರಿ.”

“ಬೈದೇ ಬೈತೀನಿ.”

“ಅದಕ್ಕೇ... ಬ್ರಷ್ಷು ಬದಲಾಯಿಸಿದಾಗೆಲ್ಲ ಮಾದರೀನೂ ಬದಲಾಯಿಸ್ತಿದ್ವಿ.”

ಶನಿವಾರ ಕಪಾಟಿನ ಧೂಳು ಒರೆಸುವುದಕ್ಕೆ ಬೀಗದ ಕೈಯನ್ನು ಅವನಿಗೆ ಕೊಡುತ್ತಿದ್ದವಳು ನಾನೇ. ಬೇರೆ ಯಾರನ್ನೂ ನಂಬದೆ.

“ಎಷ್ಟು ಸಲ?”

“ಒಂಬತ್ತು. ಮೊದಲ್ನೇ ಸಲ ಯಜಮಾನ್ರೇ ಮಾಡಿದ್ದು. ‘ಅವಳ ಜೊತೆ ವಾದ ಮಾಡೋದಕ್ಕಿಂತ ಮಾದರಿ ಬದಲಾಯಿಸೋದು ಸುಲಭ ಕಣೋ’ ಅಂದ್ರು.”

“ಯಾರಿಗೆಲ್ಲ ಗೊತ್ತು?”

ಅವನು ಮೇಲೆ ನೋಡಿದ, ಕೆಳಗೆ ನೋಡಿದ. ಬಾಗಿಲಲ್ಲಿ ನಿಂತಿದ್ದ ಸೊಸೆ ಗೋಡೆ ನೋಡಿದಳು.

ಮಾರ್ಚ್ 27, ಗುರುವಾರ

ಯಾರೊಂದಿಗೂ ಮಾತಾಡಲಿಲ್ಲ.

ಮಾರ್ಚ್ 28, ಶುಕ್ರವಾರ

ಇವತ್ತೂ ಇಲ್ಲ. ಮಗ ಪರವೂರಿನಿಂದ ಫೋನು ಮಾಡಿ “ಅಮ್ಮಾ, ನಾನು ಹೇಳೋಣ ಅಂತಲೇ ಇದ್ದೆ,” ಎಂದ. ಇವನಿಗೂ ಗೊತ್ತಿತ್ತು! ಫೋನು ಇಟ್ಟುಬಿಟ್ಟೆ.

ಮಾರ್ಚ್ 29, ಶನಿವಾರ

ಮೂವತ್ತೊಂದು ವರ್ಷ ಎರಡು ಬ್ರಷ್ಷುಗಳ ನಡುವೆ ಕಣ್ಣು ಓಡಾಡಿಸಿದೆನೇ ಹೊರತು ಬ್ರಷ್ಷನ್ನು ನೋಡಿಯೇ ಇರಲಿಲ್ಲ. ಹೀಗೆ ಬರೆಯುವುದಕ್ಕೆ ಬೆರಳು ಬರುವುದಿಲ್ಲ, ಆದರೂ ಬರೆದೆ. ಈ ಪುಸ್ತಕವನ್ನು ಯಾರೂ ಓದುವುದಿಲ್ಲವಲ್ಲ.

ಮಧ್ಯಾಹ್ನ ಎಡಚಿ ಬಂದಳು. ಕೈಯಲ್ಲಿ ಬಿಸ್ಕತ್ತಿನ ದೊಡ್ಡ ಡಬ್ಬಿ. ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಕಪಾಟಿನಿಂದ ಹೊರಬಿದ್ದ ಒಂಬತ್ತು ಮಾದರಿಗಳೂ ಸಾಲಾಗಿ ಮಲಗಿದ್ದವು. ಒಂದೊಂದರ ಕುತ್ತಿಗೆಗೂ ದಾರದಲ್ಲಿ ಚೀಟಿ ಕಟ್ಟಿತ್ತು.

“ಇದನ್ನೇಕೆ ಇಟ್ಕೊಂಡಿದೀರಿ? ಎಸೆದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲವಲ್ಲ.”

“ಮಾದರೀನ ಎಸೆಯೋದು ಹೇಗಮ್ಮಾ?” ಎಂದಳು, ನಾನೇನೋ ಕೆಟ್ಟ ಮಾತಾಡಿದ ಹಾಗೆ. “ಚೀಟಿ ಇಲ್ಲದೆ ಏನೂ ಕಪಾಟಿಂದ ಹೊರಗೆ ಬರಬಾರದು, ನೂರು ಬಾಟ್ಲಿ ತೊಳೆಯದೆ ಏನೂ ಕಪಾಟಿನ ಒಳಗೆ ಹೋಗಬಾರದು ಅಂತ ನೀವೇ ಹೇಳಿದ್ರಿ.”

ಕಳ್ಳತನ ಮಾಡುವಾಗಲೂ ನನ್ನ ನಿಯಮ ಪಾಲಿಸಿದ್ದಾರೆ. ಇವರನ್ನು ಬೈಯುವುದಾದರೂ ಹೇಗೆ? ಆದರೂ ಬೈದೆ.

ಅವಳು ಹೋದ ಮೇಲೆ ಚೀಟಿಗಳನ್ನು ಓದಿದೆ. ಮೊದಲನೆಯದು ಯಜಮಾನರ ಅಕ್ಷರ: ‘ತುದಿ ಗಾಜು ಗೀರುತ್ತದೆ. ಒಳಕ್ಕೆ ಮಡಿಸಿದೆ. ನೂರು ಬಾಟಲಿ ಆಯಿತು. ಒಂದೂ ಗೀರಿಲ್ಲ.’ ಎರಡನೆಯದು ಮೇಸ್ತ್ರಿಯದು, ತುದಿಗೆ ಕುಚ್ಚು. ನಾಲ್ಕನೆಯದರಿಂದ ಅಕ್ಷರಗಳು ಹಿಂದಕ್ಕೆ ವಾಲಿವೆ: ‘ಎಳೆ ಉದುರುತ್ತಿತ್ತು. ಎಡಗಡೆಯಿಂದ ಹರಡಿ ಎರಡು ಸುತ್ತು ಹೆಚ್ಚು ತಿರುಚಿದರೆ ಉದುರುವುದಿಲ್ಲ. ನೂರು ಬಾಟಲಿಗೆ ಮೂರು ಎಳೆ ಮಾತ್ರ. ಮೊದಲು ನಲವತ್ತು.’ ಒಂಬತ್ತರಲ್ಲಿ ಆರು ಅವಳವು.

ಅದೇ ಎಳೆ ಹರಡುವ ಮಾತನ್ನು ಹದಿನೆಂಟು ವರ್ಷದ ಹಿಂದೆ ಒಬ್ಬಳು ನನ್ನ ಬಾಗಿಲಿಗೆ ಬಂದು ಹೇಳಿದ್ದಳು. “ನಿನ್ನ ಕೈ ತಿರುಗುಮುರುಗು ಅಂತ ಕಾರ್ಖಾನೇನೂ ತಿರುಗಿಸ್ಬೇಕಾ?” ಎಂದು ಕೇಳಿ ಕಳಿಸಿದ್ದೆ. ಅವಳೇ ಇವಳು.

ಏಪ್ರಿಲ್ 3, ಗುರುವಾರ

ಬಾಣದಪ್ಪನಿಗೆ ಡಬ್ಬಿಯ ಸುದ್ದಿ ತಲುಪಿದೆ. ಕುಣಿದಾಡುತ್ತಿದ್ದಾನೆ. ಊರೆಲ್ಲ ಹುಡುಕಿದ್ದು ಹಿತ್ತಲಲ್ಲೇ ಇತ್ತು ಎಂದು ಅವನಿಗೆ ನಾಚಿಕೆಯಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡವಳು ನಾನು, ನನಗೆ ಅವನನ್ನು ಅನ್ನುವ ಬಾಯಿಯೂ ಇಲ್ಲ.

“ಅಮ್ಮಾ, ಕಥೆ ಸಿಕ್ತು!” ಎಂದು ಎರಡೇ ದಿನದಲ್ಲಿ ವರದಿ ಬರೆದು ತಂದಿದ್ದಾನೆ. ದಪ್ಪ ಕಾಗದ, ಬಣ್ಣದ ಚಿತ್ರ. ಮೊದಲ ಸಾಲೇ ಹೀಗಿದೆ: ‘ಮಾಲಕಿಯವರ ದೂರದೃಷ್ಟಿಯ ನೇತೃತ್ವದಲ್ಲಿ ಮೂರು ದಶಕಗಳ ಒಂಬತ್ತು ನಾವೀನ್ಯತೆಗಳು.’

“ಇದು ನಾನು ಮಾಡಿದ್ದಲ್ಲ,” ಎಂದೆ.

“ಕಂಪನಿ ಅಂದ್ರೆ ನೀವೇ ತಾನೇ? ಎಲ್ಲಾ ಕಂಪನೀಲೂ ಹೀಗೇ ಬರೆಯೋದು. ಮೇಲಿರೋರಿಗೆ ಹೊಳೆದಿದ್ದು ಅಂದ್ರೆ ನಾವೀನ್ಯತೆ. ಕೆಳಗಿರೋರು ಮಾಡಿದ್ರೆ ಅದಕ್ಕೆ ರಿಪೇರಿ ಅಂತಾರೆ.”

ಇಟ್ಟು ಹೋಗಿ ಎಂದೆ. ಅವನು ಹೋದ ಮೇಲೆ ಇನ್ನೊಮ್ಮೆ ಓದಿದೆ. ಫೋಟೋದಲ್ಲಿ ನಾನು ಕಿಟಕಿಯಾಚೆ ದೂರಕ್ಕೆ ನೋಡುತ್ತಿದ್ದೇನೆ. ಆ ಹೊತ್ತಿಗೆ ನಾನು ನೋಡುತ್ತಿದ್ದುದು ಗಾಡಿಯನ್ನು ಅಡ್ಡ ನಿಲ್ಲಿಸಿದ್ದ ಡ್ರೈವರನನ್ನು. ಆದರೂ ಫೋಟೋ ಚೆನ್ನಾಗಿ ಬಂದಿದೆ.

ಏಪ್ರಿಲ್ 9, ಬುಧವಾರ

ಓದುವ ಅಭ್ಯಾಸ ನಡೆಯುತ್ತಿದೆ. ಸೊಸೆ ಎದುರು ಕೂತು ಕೇಳಿದಳು.

“ಹೇಗಿದೆ?”

“ಓದೋದು ಚೆನ್ನಾಗಿದೆ, ಅತ್ತೆ.”

“ಓದೋದು ಅಲ್ಲ, ಬರೆದಿರೋದು?”

“ಹದಿನೆಂಟು ಜನದ ಕೆಲಸ ಉಳಿಯತ್ತೆ ಅಂದ್ರೆ ನಾನು ಏನೂ ಮಾತಾಡಲ್ಲ. ಎಡಚಿಯಕ್ಕನೂ ಅದೇ ಹೇಳಿದ್ರು.”

“ಅವಳೇನಂದಳು?”

“‘ಅಮ್ಮನ ಹೆಸರೇ ಇರಲಿ, ನಮ್ಮ ಶೆಡ್ಡು ಇದ್ರೆ ಸಾಕು’ ಅಂತ.”

ಸರಿ. ಅವಳೇ ಒಪ್ಪಿದ ಮೇಲೆ ನನ್ನದೇನು? ಹೀಗೆಂದುಕೊಂಡರೂ ಊಟ ಸೇರಲಿಲ್ಲ. ಪಲ್ಯಕ್ಕೆ ಉಪ್ಪು ಕಡಿಮೆಯಾಗಿತ್ತು ಎಂದು ಸೊಸೆಗೆ ಹೇಳಿದೆ. ಆಗಿರಲಿಲ್ಲ.

ಏಪ್ರಿಲ್ 15, ಮಂಗಳವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹತ್ತು ಗಂಟೆಗೆ ಮೂವರು ಬಂದರು. ಮುಖ್ಯಸ್ಥೆ ಐವತ್ತೈದರ ಹೆಂಗಸು. ಕೂದಲು ಬಿಗಿಯಾಗಿ ಕಟ್ಟಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದ್ದಳು. ಟೀ ಬೇಡವೆಂದಳು, ಕಿತ್ತಳೆ ಕೋಣೆಯ ಮೆತ್ತೆ ನೋಡಿ ಕುರ್ಚಿ ಕೇಳಿದಳು. ನೋಡಿದ ಕೂಡಲೇ ಹಿಡಿಸಿದಳು.

ಸಭೆ ನನ್ನ ಆಫೀಸಿನಲ್ಲೇ ಆಯಿತು. ಮೇಸ್ತ್ರಿ ಒಂದು ಕಡೆ, ಬಾಣದಪ್ಪ ಒಂದು ಕಡೆ, ಬಾಗಿಲ ಬಳಿ ಎಡಚಿ ಬ್ರಷ್ಷುಗಳ ತಟ್ಟೆ ಹಿಡಿದು. ಎದ್ದು ನಿಂತು ಓದಿದೆ. ದೂರದೃಷ್ಟಿ ಆಯಿತು, ನೇತೃತ್ವ ಆಯಿತು, ಮೂರು ನಾವೀನ್ಯತೆ ಆಯಿತು. ನಾಲ್ಕನೆಯದಕ್ಕೆ ಬಂದಾಗ ಮುಖ್ಯಸ್ಥೆ ಕೈ ಎತ್ತಿದಳು.

“ಒಂದ್ನಿಮಿಷ. ಎಳೆ ಎಡಗಡೆಯಿಂದ ಹಾಕಿದ್ರೆ ಉದುರಲ್ಲ ಅಂತ ನಿಮಗೆ ಹೇಗೆ ಹೊಳೀತು?”

ಕಾಗದದಲ್ಲಿ ಹುಡುಕಿದೆ. ಅಲ್ಲಿ ‘ಸತತ ಚಿಂತನೆಯ ಫಲವಾಗಿ’ ಎಂದಿತ್ತು. ಅದನ್ನು ಓದಿದೆ.

“ಅದು ಸರಿ. ಹೇಗೆ?”

ಮತ್ತೆ ಕಾಗದ ತಿರುವಿದೆ. ಆಗ ಬಾಗಿಲ ಕಡೆಯಿಂದ ಎಡಚಿಯ ದನಿ ಬಂತು. “ಅಮ್ಮ ಒಂದಿನ ಶೆಡ್ಡಿಗೆ ಬಂದಿದ್ರು. ನಾನು ಎಡಗೈಲಿ ಹಾಕೋದು ನೋಡಿ, ಹಾಗೇ ಮಾಡು ಅಂತ ಅಮ್ಮನೇ...”

ನನ್ನ ಕಾರ್ಖಾನೆಯಲ್ಲಿ, ನನ್ನೆದುರಲ್ಲೇ, ನನ್ನ ಮಾನ ಕಾಯಲು ಒಬ್ಬಳು ಸುಳ್ಳು ಹೇಳುವುದೇ? ಅಷ್ಟು ಬಡವಳಾಗಿ ಹೋದೆನೇ ನಾನು?

“ಸುಮ್ಮನಿರೇ!” ಎಂದೆ. ಆಮೇಲೆ ಮುಖ್ಯಸ್ಥೆಗೆ ಹೇಳಿದೆ, “ನನಗೆ ಹೊಳೀಲಿಲ್ಲ. ಇವಳಿಗೆ ಹೊಳೀತು. ನನ್ನ ಹತ್ರ ಬಂದು ಹೇಳಿದ್ಲು. ಗದರಿಸಿ ಕಳಿಸ್ದೆ. ಈ ಒಂಬತ್ತರಲ್ಲಿ ಒಂದೂ ನನ್ನದಲ್ಲ. ಒಂಬತ್ತನ್ನೂ ಬೇಡ ಅನ್ನೋಳು ನಾನೇ. ನನ್ನ ಕಣ್ಣಿಗೆ ಮಣ್ಣೆರಚಿ ಮಾಡಿದಾರೆ.”

ಬಾಣದಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಕಪಾಟಿನ ಕಥೆಯನ್ನು ಮೊದಲಿನಿಂದ ಹೇಳಿದೆ. ಆ ಮೂವರಲ್ಲಿ ಇಬ್ಬರು ನಕ್ಕರು. ಮುಖ್ಯಸ್ಥೆ ನಗಲಿಲ್ಲ.

“ಇದು ನಗೋ ವಿಷಯ ಅಲ್ಲ. ನಮ್ಮದು ಆಸ್ಪತ್ರೆ ಮಾಲು. ಬ್ರಷ್ಷು ಒಂಬತ್ತು ಸಲ ಬದಲಾಗಿದ್ದು ಮಾಲಕಿಗೇ ಗೊತ್ತಿಲ್ಲ ಅಂದ್ರೆ, ನಿಮ್ಮ ತಪಾಸಣೆಗೆ ಬೆಲೆ ಏನು?”

ಕೇಳಬೇಕಾದ ಮಾತೇ ಕೇಳಿದಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

“ನನ್ನ ತಪಾಸಣೆಗೆ ಬೆಲೆ ಇಲ್ಲ. ಇವರದ್ದು ನೋಡಿ,” ಎಂದು ಬಿಸ್ಕತ್ತಿನ ಡಬ್ಬಿಯನ್ನು ಅವಳ ಮುಂದೆ ನೂಕಿದೆ.

ಅವಳು ಒಂದೊಂದೇ ಚೀಟಿ ಓದಿದಳು. ಕನ್ನಡಕ ಮೂಗಿನ ತುದಿಯಿಂದ ಕಣ್ಣಿಗೆ ಏರಿತು. “ಪ್ರತಿ ಸಲ ನೂರು ಬಾಟ್ಲಿ ತೊಳೆದಿದ್ದೀರಾ?”

“ಅಮ್ಮನ ನಿಯಮ,” ಎಂದಳು ಎಡಚಿ.

“ತೊಳೆದವರು ಯಾರು?”

“ಎಲ್ಲರೂ. ಊಟದ ಬಿಡುವಲ್ಲಿ.”

“ಸರಿಹೋಗದೆ ಇದ್ದದ್ದೂ ಇರಬೇಕಲ್ಲ?”

ಎಡಚಿ ಮೇಸ್ತ್ರಿಯ ಮುಖ ನೋಡಿದಳು. ಮೇಸ್ತ್ರಿ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ, ಹೇಳಿ ಎಂದು. “ಇನ್ನೊಂದು ಡಬ್ಬಿ ಇದೆ,” ಎಂದ ಮೇಸ್ತ್ರಿ. ಅದರಲ್ಲಿ ಇಪ್ಪತ್ತಾರು ಇದ್ದವು. ಮುಖ್ಯಸ್ಥೆ ಊಟಕ್ಕೂ ಏಳದೆ ಅವನ್ನೆಲ್ಲ ನೋಡಿದಳು. ನಾನೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ನೋಡಿದೆ. ಹನ್ನೊಂದನೆಯದು ಸ್ಪಂಜಿನ ಬ್ರಷ್ಷು. ‘ನೀರು ಕುಡಿದು ಬಾಟಲಿಯಿಂದ ಹೊರಬರಲಿಲ್ಲ. ಬಾಟಲಿ ಒಡೆಯಬೇಕಾಯಿತು.’ ಅದನ್ನು ಓದಿ ಇಬ್ಬರಿಗೂ ನಗು ಬಂತು. ಅವಳು ಮೊದಲು ನಕ್ಕಳು, ನಾನಲ್ಲ.

ಹೋಗುವಾಗ, ತಿಳಿಸುತ್ತೇವೆ ಎಂದರಷ್ಟೆ.

ಬಾಣದಪ್ಪ ಚೀಲ ಕಟ್ಟುತ್ತಿದ್ದ. “ನಿಮ್ಮ ಕೆಲಸ ಹಾಳು ಮಾಡಿದೆ,” ಎಂದೆ.

“ಅಮ್ಮಾ, ಹದಿನಾರು ಕಂಪನಿಗಳ ನಾವೀನ್ಯತೆ ಬರೆದಿದೀನಿ. ನಿಜವಾಗಿ ಇದ್ದದ್ದನ್ನ ನೋಡಿದ್ದು ಇದೇ ಮೊದ್ಲು,” ಎಂದ. ಕಾಲುಚೀಲ ಹಾಕಿಕೊಳ್ಳಿ, ನೆಗಡಿಯಾಗುತ್ತದೆ ಎಂದು ಹೇಳಿ ಕಳಿಸಿದೆ. ಮನುಷ್ಯ ಕೆಟ್ಟವನಲ್ಲ.

ಏಪ್ರಿಲ್ 17, ಗುರುವಾರ

ಕಾಗದವಿಲ್ಲ. ಶೆಡ್ಡಿಗೆ ಹೋಗಿ ಬಂದೆ, ಎರಡು ಸಲ. ಯಂತ್ರದ ಸದ್ದಿನಲ್ಲಿ ಮಾತು ಕೇಳುವುದಿಲ್ಲವೆಂದು ಹತ್ತಿರ ಹೋಗಿ ನಿಲ್ಲಬೇಕಾಯಿತು. ಅಲ್ಲಿ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಎಷ್ಟು ವರ್ಷದಿಂದ ಹೀಗೆ ಎಂದು ಕೇಳಿದರೆ “ಕಟ್ಟಿದಾಗಿಂದ” ಎಂದರು. ಪರದೆ ಹೊಲಿಸಲು ಹೇಳಿದ್ದೇನೆ.

ಏಪ್ರಿಲ್ 24, ಗುರುವಾರ

ಕಾಗದ ಬಂತು. ಎಂದಿನ ಮೂರು ವರ್ಷಕ್ಕೆ ಬದಲಾಗಿ ಒಂದೇ ವರ್ಷದ ಒಪ್ಪಂದ. ಷರತ್ತು ಬೇರೆ: ಇನ್ನು ಮುಂದೆ ಏನೇ ಬದಲಾವಣೆಯಿದ್ದರೂ ಮೊದಲು ಬರಹದಲ್ಲಿ ತಿಳಿಸಬೇಕು, ಮಾಡಿದವರ ಹೆಸರಿರಬೇಕು, ಮಾಲಕಿ ಪರೀಕ್ಷಿಸಿ ರುಜು ಹಾಕಿರಬೇಕು. ವರ್ಷ ತುಂಬಿದ ಮೇಲೆ ಮತ್ತೆ ಬಂದು ನೋಡುತ್ತಾರೆ.

ಸೊಸೆ ಕಾಗದ ಹಿಡಿದು ಶೆಡ್ಡಿಗೆ ಓಡಿದಳು. ಈ ವಯಸ್ಸಿನಲ್ಲಿ ಎರಡು ಮಕ್ಕಳ ತಾಯಿ ಹಾಗೆ ಓಡಬಾರದು. ಹದಿನೆಂಟು ಜನ ಒಟ್ಟಿಗೆ ಕೂಗಿದ್ದು ಇಲ್ಲಿಗೇ ಕೇಳಿಸಿತು.

ತಿರುಗಿ ಬಂದವಳು ಬಾಗಿಲಲ್ಲೇ ನಿಂತಳು. “ಅತ್ತೆ, ಕಪಾಟಿನ ವಿಷಯ ನಾನು ಹೇಳ್ಬೇಕಿತ್ತು. ನನ್ನ ಮೇಲೆ ಕೋಪ ಹೋಯ್ತಾ?”

“ಇಲ್ಲ,” ಎಂದೆ. ಆಮೇಲೆ, “ನೀನು ಟೀ ಕುಡಿದ್ಯಾ?” ಎಂದೆ. ಅವಳು ಕುಡಿದಿರಲಿಲ್ಲ. ಇಬ್ಬರಿಗೂ ಮಾಡಿದೆ.

ಏಪ್ರಿಲ್ 28, ಸೋಮವಾರ

ಬೆಳಿಗ್ಗೆ ಎಡಚಿ ಆಫೀಸಿಗೆ ಬಂದಳು. ಕೈಯಲ್ಲೊಂದು ಬ್ರಷ್ಷು. ಹಿಡಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿದ್ದಾಳೆ. ಬೆರಳು ಮಡಚಲು ಕಷ್ಟವಾಗುವವರಿಗೆ, ವಯಸ್ಸಾದವರಿಗೆ ಹಿಡಿಯಲು ಸುಲಭವಂತೆ.

ಬೇಡವೆಂದೆ. ಇದಕ್ಕೆ ಹೊಸ ಅಚ್ಚು ಬೇಕು, ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ, ನೋಡಲು ಇಲಿ ನುಂಗಿದ ಹಾವಿನ ಹಾಗಿದೆ.

ಅವಳು ಹೋಗಲಿಲ್ಲ. “ಅಮ್ಮಾ, ಕೇಳಿ ಮಾಡೋದು ನನಗೂ ಹೊಸದು. ಬೇಡ ಅಂದ್ರೆ, ಹಳೇ ಪದ್ಧತೀಲೇ ಮಾಡ್ಲಾ?”

ಎಂಥ ಬಾಯಿ ಬಂದಿದೆ ಇವಳಿಗೆ! ಹತ್ತು ನಿಮಿಷ ಬೈದೆ. ಅವಳು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡಳು. ಬೈದು ಬಾಯಾರಿತು. ನೀರು ಕುಡಿಯಲು ತೊಟ್ಟಿಯ ಹತ್ತಿರ ಹೋದವಳು, ಅಲ್ಲಿ ಪರೀಕ್ಷೆಗೆಂದು ಇಟ್ಟ ತೊಳೆಯದ ಬಾಟಲಿಗಳಿದ್ದವಲ್ಲ, ಒಂದನ್ನು ಎತ್ತಿಕೊಂಡು ಆ ಬ್ರಷ್ಷು ಕೊಡು ಎಂದೆ.

ತೊಳೆದೆ. ನನ್ನ ಬಲಗೈಯ ಎರಡು ಬೆರಳು ಮೂರು ವರ್ಷದಿಂದ ಸರಿಯಾಗಿ ಮಡಚುವುದಿಲ್ಲ. ಅದನ್ನು ನಾನು ಯಾರಿಗೂ ಹೇಳಿಲ್ಲ, ಸೊಸೆಗೂ. ಎಡಚಿಯ ಕಣ್ಣು ಬಾಟಲಿಯ ಮೇಲಿರಲಿಲ್ಲ, ಆ ಬೆರಳುಗಳ ಮೇಲಿತ್ತು. ನಾನು ನೋಡಿದ ಕೂಡಲೇ ಕಿಟಕಿಯತ್ತ ತಿರುಗಿದಳು.

ಇಪ್ಪತ್ತಮೂರು ಬಾಟಲಿ ತೊಳೆದೆ. ನಡುವೆ ಯಾರೋ ಆಫೀಸಿಗೆ ಬಂದು ಕಾದು ಹೋದರಂತೆ. ಮೂರು ತಪ್ಪು ಕಂಡುಹಿಡಿದೆ: ಒದ್ದೆಯಾದರೆ ಟ್ಯೂಬು ಜಾರುತ್ತದೆ, ಸುತ್ತಿನ ಸಂದಿಯಲ್ಲಿ ಸೋಪು ನಿಲ್ಲುತ್ತದೆ, ಮತ್ತು ಹಿಡಿ ಇನ್ನೂ ಒಂದು ಬೆರಳಗಲ ಉದ್ದವಿರಬೇಕು. ಅವಳು ಹೂಂ ಹೂಂ ಎಂದು ಅಂಗೈ ಮೇಲೆಯೇ ಬರೆದುಕೊಂಡಳು, ಬಲ ಅಂಗೈ ಮೇಲೆ.

“ಸರಿ ಮಾಡಿ ಗುರುವಾರ ತರ್ತೀನಮ್ಮಾ,” ಎಂದಳು.

ಬುಧವಾರವೇ ತಾ ಎಂದೆ.